ಜೆಟ್ ವಿಮಾನ ನಿಂತಲ್ಲೇ ಇಳಿಯುವುದೇಕೆ ಇಷ್ಟು ಕಷ್ಟ?

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿಯಲ್ಲಿ ಎಚ್‌ಎಎಲ್‌ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಅಂದಿನಿಂದ ನಮ್ಮ ಕಡೆಯ ಮಕ್ಕಳದು ಒಂದೇ ಪ್ರಶ್ನೆ: ಹೆಲಿಕಾಪ್ಟರ್ ನಿಂತಲ್ಲೇ ಏಳುತ್ತದೆ, ಯುದ್ಧವಿಮಾನಕ್ಕೇಕೆ ಅಷ್ಟುದ್ದದ ರನ್‌ವೇ?

ಉತ್ತರ ಅಡುಗೆಮನೆಯಲ್ಲಿದೆ. ಮೊರ ಬೀಸಿದರೆ ಹೆಚ್ಚು ಗಾಳಿ ನಿಧಾನವಾಗಿ ಸರಿಯುತ್ತದೆ. ಊದುಗೊಳವೆಯಲ್ಲಿ ಸ್ವಲ್ಪವೇ ಗಾಳಿ ರಭಸದಿಂದ ನುಗ್ಗುತ್ತದೆ. ಹೆಲಿಕಾಪ್ಟರಿನದು ಮೊರದ ದಾರಿ, ಜೆಟ್‌ನದು ಊದುಗೊಳವೆಯದು. ಊದಿ ಊದಿ ಭಾರ ಎತ್ತಿಹಿಡಿಯಲು ಇಂಧನ ವಿಪರೀತ ಸುಡಬೇಕು. ಅದಕ್ಕೇ ಜೆಟ್ ರನ್‌ವೇ ಮೇಲೆ ಓಡಿ, ರೆಕ್ಕೆಗೆ ಸಿಗುವ ಗಾಳಿಯ ಆಸರೆಯಿಂದ ಏಳುತ್ತದೆ.

1950ರ ದಶಕದಲ್ಲಿ ಅಮೆರಿಕ ವಿಮಾನವನ್ನು ಬಾಲದ ಮೇಲೆ ನಿಲ್ಲಿಸಿ ನೋಡಿತು. ಇಳಿಯುವಾಗ ಪೈಲಟ್ ಹೆಗಲ ಮೇಲಿಂದ ಹಿಂದಕ್ಕೆ ತಿರುಗಿ ನೋಡಿ ನೆಲ ಹುಡುಕಬೇಕಿತ್ತು. ಮುಂದಿನ ದಶಕದಲ್ಲಿ ಫ್ರಾನ್ಸ್ ಎಂಟು ಪುಟ್ಟ ಎಂಜಿನ್‌ಗಳನ್ನು ವಿಮಾನದ ಹೊಟ್ಟೆಯಲ್ಲಿ ನೆಟ್ಟಗೆ ಇಟ್ಟಿತು. ಹಾರುವಾಗ ಅವೆಲ್ಲ ಬರೀ ಹೊರೆ.

ದಾರಿ ತೆರೆದದ್ದು ಬ್ರಿಟನ್ನಿನ ಹ್ಯಾರಿಯರ್. 1960ರ ಅಕ್ಟೋಬರಿನಲ್ಲಿ ಅದರ ಮೂಲಮಾದರಿ, ಹಗ್ಗ ಕಟ್ಟಿಸಿಕೊಂಡೇ, ನೆಲ ಬಿಟ್ಟಿತು. ಪೆಗಾಸಸ್ ಎಂಬ ಒಂದೇ ಎಂಜಿನ್, ಅದರ ಗಾಳಿ ಹೊರನುಗ್ಗಲು ತಿರುಗುವ ನಾಲ್ಕು ನಳಿಗೆ: ಕೆಳಕ್ಕೆ ತಿರುಗಿಸಿದರೆ ವಿಮಾನ ಏಳುತ್ತದೆ, ಹಿಂದಕ್ಕೆ ತಿರುಗಿಸಿದರೆ ಮುಂದೆ ಹಾರುತ್ತದೆ. ನಿಂತ ವಿಮಾನದ ರೆಕ್ಕೆಗೆ ಗಾಳಿಯ ಆಸರೆಯಿಲ್ಲ. ಮೂಗು, ಬಾಲ, ರೆಕ್ಕೆತುದಿಗಳ ಕಿಂಡಿಗಳಿಂದ ಎಂಜಿನ್ನಿನದೇ ಗಾಳಿ ಚಿಮ್ಮಿಸಿ ಸಮತೋಲ ಕಾಯಬೇಕು. ನೆಲಕ್ಕೆ ಬಡಿದ ಬಿಸಿ ಅನಿಲ, ಒಲೆಯ ಹೊಗೆ ಮುಖಕ್ಕೇ ತಿರುಗುವಂತೆ, ಎಂಜಿನ್ನಿನ ಬಾಯಿಗೆ ಮರಳುತ್ತದೆ. ಅದನ್ನು ನುಂಗಿದ ಎಂಜಿನ್ ಬಲ ಕುಂದುತ್ತದೆ, ಅದೂ ಬಲ ತೀರಾ ಬೇಕಾದ ಗಳಿಗೆಯಲ್ಲಿ. ತಣಿಸಲು ಎಂಜಿನ್ನಿಗೆ ನೀರು ಸಿಂಪಡಿಸುತ್ತಿದ್ದರು; ಆ ನೀರು ಸುಮಾರು ಒಂದೂವರೆ ನಿಮಿಷಕ್ಕೆ ಖಾಲಿ. ಪೈಲಟ್‌ನ ಎಡಗೈಗೆ ಎರಡು ಹಿಡಿ: ಎಂಜಿನ್ನಿನ ಬಲಕ್ಕೊಂದು, ನಳಿಗೆಯ ಕೋನಕ್ಕೊಂದು. ಕಣ್ಣೆದುರು, ಗಾಜಿನಾಚೆ, ಗಾಳಿಯ ದಿಕ್ಕು ತೋರಿಸುವ ಪುಟ್ಟ ಪಟ್ಟಿ. ಅದು ಓರೆಯಾದದ್ದನ್ನು ಗಮನಿಸದಿದ್ದರೆ ವಿಮಾನವೇ ಮಗುಚಬಹುದು.

ನಮ್ಮ ನೌಕಾಪಡೆ 1983ರಿಂದ 2016ರವರೆಗೆ ಸೀ ಹ್ಯಾರಿಯರ್ ಹಾರಿಸಿತು. ಪೂರ್ತಿ ಭಾರ ಹೊತ್ತು ನೆಟ್ಟಗೆ ಏಳಲಾಗದೆ, ವಿರಾಟ್ ಹಡಗಿನ ಮೇಲೆ ತುಸು ಓಡಿ ಮೇಲಕ್ಕೆ ಬಾಗಿದ ತುದಿಯಿಂದ ಜಿಗಿಯುತ್ತಿದ್ದವು. ಮರಳಿದಾಗ ನೆಟ್ಟಗೆ ಇಳಿಯುತ್ತಿದ್ದವು. ಕೊಂಡ ಸುಮಾರು 30ರಲ್ಲಿ ಅರ್ಧಕ್ಕಿಂತ ಹೆಚ್ಚು ಅಪಘಾತಗಳಲ್ಲಿ ನಾಶವಾದವು. ಎಲ್ಲವೂ ಇಳಿಯುವಾಗಿನ ಅಪಘಾತಗಳಲ್ಲ. ಆದರೂ ಆ ಪೈಲಟ್‌ಗಳ ಬಗ್ಗೆ ಕನ್ನಡದಲ್ಲಿ ನಾವು ಬರೆದದ್ದು ತೀರಾ ಕಡಿಮೆ.

2010ರಲ್ಲಿ ಮೊದಲ ಬಾರಿ ನೆಟ್ಟಗೆ ಇಳಿದ ಅಮೆರಿಕದ ಎಫ್-35ಬಿ, ಊದುಗೊಳವೆಗೆ ಮೊರ ಕಟ್ಟಿದ ವಿಮಾನ. ಪೈಲಟ್‌ನ ಬೆನ್ನ ಹಿಂದಿನ ದೊಡ್ಡ ಫ್ಯಾನನ್ನು ಎಂಜಿನ್ನೇ ದಂಡದ ಮೂಲಕ ತಿರುಗಿಸುತ್ತದೆ. ಅದು ತಳ್ಳುವ ತಣ್ಣನೆಯ ಗಾಳಿ ಬಿಸಿ ಅನಿಲವನ್ನು ಮುಂದೆ ಬರಗೊಡದು. ಸಮತೋಲವನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಆದರೆ ಫ್ಯಾನಿಗೆ ಜಾಗ ಬಿಟ್ಟುಕೊಟ್ಟಿದ್ದರಿಂದ ರನ್‌ವೇ ಬಳಸುವ ಎಫ್-35ಎಗಿಂತ ಇದರಲ್ಲಿ ಇಂಧನ ಕಡಿಮೆ. ಏರಿ ಇಳಿಯುವ ಕೆಲವೇ ನಿಮಿಷ ಬಿಟ್ಟರೆ ಉಳಿದ ಹಾರಾಟದುದ್ದಕ್ಕೂ ಆ ಫ್ಯಾನ್ ಸುಮ್ಮನೆ ಹೊತ್ತೊಯ್ಯುವ ಭಾರ.