ಚುಕ್ಕಿ, ಗೆರೆ, ಬಾಣ: ಗ್ರಾಫ್ ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಬಗೆ

ಮುಂಬೈ ಕಡೆ ಡೊಂಬಿವಲಿಯಿಂದ ಅಂಧೇರಿಗೆ ಹೇಗೆ ಹೋಗೋದು? ಡೊಂಬಿವಲಿಯಲ್ಲಿ ಕನ್ನಡಿಗರಿಗೇನು ಬರವಿಲ್ಲ, ಯಾರನ್ನಾದರೂ ಕೇಳಿ. ಒಬ್ಬರು "ದಾದರ್‌ನಲ್ಲಿ ಇಳಿದು ವೆಸ್ಟರ್ನ್ ಲೈನ್ ಹಿಡೀರಿ" ಅನ್ನುತ್ತಾರೆ. ಇನ್ನೊಬ್ಬರು "ಅಷ್ಟು ದೂರ ಯಾಕೆ? ಘಾಟ್ಕೋಪರ್‌ನಲ್ಲೇ ಇಳಿದು ಮೆಟ್ರೊ ಹತ್ತಿ" ಅನ್ನುತ್ತಾರೆ. ಸ್ಟೇಷನ್‌ಗಳು ಚುಕ್ಕಿಗಳು, ನಡುವಿನ ಹಳಿಗಳು ಗೆರೆಗಳು. ಇಂಥ ಜೋಡಣೆಯೇ ಗ್ರಾಫ್. ಮಾಹಿತಿಯನ್ನು ಹೀಗೆ ಚುಕ್ಕಿ-ಗೆರೆಗಳಾಗಿಯೇ ಇಟ್ಟುಕೊಳ್ಳುವುದು ಗ್ರಾಫ್ ಡೇಟಾಬೇಸ್.

ಇದನ್ನು ಮಾಮೂಲಿ ಟೇಬಲ್‌ನಲ್ಲೂ ಇಡಬಹುದು: ಈ ಸ್ಟೇಷನ್, ಅದರ ಮುಂದಿನ ಸ್ಟೇಷನ್. ತೊಂದರೆ ಶುರುವಾಗುವುದು ಪ್ರಶ್ನೆ ಕೇಳುವಾಗ. ಟೇಬಲ್‌ಗಳಿಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಒಂದೊಂದು ಸ್ಟೇಷನ್ ಮುಂದೆ ಹೋಗಲೂ ಟೇಬಲ್‌ಗೆ ಇನ್ನೊಂದು ಜಾಯಿನ್, ಅಂದರೆ ಜೋಡಣೆ, ಹಾಕಬೇಕು. ಎಷ್ಟು ಸ್ಟೇಷನ್ ದಾಟಬೇಕೆಂದು ಮೊದಲೇ ಗೊತ್ತಿಲ್ಲದಿದ್ದರೆ? 1999ರ ಎಸ್‌ಕ್ಯೂಎಲ್ ಮಾನಕದಲ್ಲಿ ಅದಕ್ಕೂ ದಾರಿ ಸಿಕ್ಕಿತು. ಆದರೆ ಆ ಕ್ವೆರಿ, ಅಂದರೆ ಬರೆದ ಪ್ರಶ್ನೆ, ಓದೋದೇ ಒಂದು ಕಸರತ್ತು.

ನಿಯೋ ಫೋರ್ ಜೆ ಎಂಬ ಗ್ರಾಫ್ ಡೇಟಾಬೇಸ್‌ನ ಸೈಫರ್ ಭಾಷೆಯಲ್ಲಿ ಬೇಕಾದ ದಾರಿಯ ಚಿತ್ರವನ್ನೇ ಬರೆಯುತ್ತೇವೆ. ಸ್ವಲ್ಪ ಸರಳ ಮಾಡಿ ಕನ್ನಡದಲ್ಲಿ ಹೇಳಿದರೆ:

(ಡೊಂಬಿವಲಿ)-[:ಲೋಕಲ್|ಮೆಟ್ರೊ*]-(ಅಂಧೇರಿ)

ದುಂಡು ಆವರಣ ಚುಕ್ಕಿ, ಚೌಕ ಆವರಣ ಗೆರೆ. ನಡುವಿನ ನೆಟ್ಟನೆ ಕಡ್ಡಿಗೆ 'ಅಥವಾ' ಎಂದರ್ಥ. ದಿಕ್ಕು ಮುಖ್ಯವಾದರೆ ಬಾಣದ ತುದಿ ಸೇರಿಸಿ. ಆ ಪುಟ್ಟ ನಕ್ಷತ್ರವೇ ಇಲ್ಲಿನ ಜಾಣ: 'ಎಷ್ಟು ಗೆರೆ ದಾಟಿದರೂ ಸರಿ' ಎಂದು ಅದರ ಅರ್ಥ. ಉತ್ತರವಾಗಿ ಇಡೀ ದಾರಿಯೇ ಸಿಗುತ್ತದೆ, ಎಲ್ಲಿ ಗಾಡಿ ಬದಲಿಸಬೇಕು ಎನ್ನುವುದೂ ಸೇರಿ. ವಿದೇಶಿ ಕಂಪನಿಗಳ ಹೆಸರಲ್ಲಿ ಬಚ್ಚಿಟ್ಟ ಹಣದ ಸೋರಿಕೆ ದಾಖಲೆಗಳಾದ ಪನಾಮಾ ಪೇಪರ್ಸ್ ತನಿಖೆಯಲ್ಲಿ ಪತ್ರಕರ್ತರು ಯಾವ ಕಂಪನಿಯ ಹಿಂದೆ ಯಾರಿದ್ದಾರೆ ಎಂದು ಜಾಲಾಡಿದ್ದು ನಿಯೋ ಫೋರ್ ಜೆ ಇಟ್ಟುಕೊಂಡೇ.

ಆದರೆ ನಕ್ಷತ್ರವನ್ನು ಸುಮ್ನೆ ಹಾಗೇ ಬಿಡಬಾರದು. ಒಂದು ದಾರಿಯಲ್ಲಿ ಅದೇ ಗೆರೆಯನ್ನು ಎರಡು ಸಲ ದಾಟುವಂತಿಲ್ಲ ಎಂಬ ನಿಯಮ ಸೈಫರ್‌ನಲ್ಲಿದೆ, ನಿಜ. ಆದರೂ ದೊಡ್ಡ ಜಾಲದಲ್ಲಿ ಸಾಧ್ಯವಿರುವ ದಾರಿಗಳು ವಿಪರೀತ ಜಾಸ್ತಿ, ಕಂಪ್ಯೂಟರ್ ಸುಸ್ತಾಗುತ್ತದೆ. ಗರಿಷ್ಠ ಇಷ್ಟೇ ಗೆರೆ ಎಂದು ಮಿತಿ ಹಾಕಬೇಕು, ಇಲ್ಲವೇ ಅತಿ ಚಿಕ್ಕ ದಾರಿ ಮಾತ್ರ ಕೊಡು ಅನ್ನಬೇಕು.

ಇಂಥ ಭಾಷೆಗಳು ಇನ್ನೂ ಇವೆ. ವಿಕಿಪೀಡಿಯದ ಸೋದರ ಮಾಹಿತಿಕೋಶವಾದ ವಿಕಿಡೇಟಾವನ್ನು ಕೆದಕಲು ಸ್ಪಾರ್ಕಲ್ ಬೇಕು. ಗ್ರೆಮ್ಲಿನ್‌ನಲ್ಲಿ ಹೆಜ್ಜೆ ಹೆಜ್ಜೆಗೂ ನಾವೇ ದಾರಿ ಹೇಳಬೇಕು. 2024ರಲ್ಲಿ ಜಿಕ್ಯೂಎಲ್ ಎಂಬ ಭಾಷೆ ಐಎಸ್‌ಒ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನಕವಾಯಿತು. ಅದರಲ್ಲಿ ಸೈಫರ್‌ನ ಛಾಯೆ ಎದ್ದು ಕಾಣುತ್ತದೆ.

ಹಾಗಂತ ಎಲ್ಲವನ್ನೂ ಗ್ರಾಫ್‌ಗೆ ತುಂಬಬೇಕಿಲ್ಲ. ತಿಂಗಳಿಗೆ ಎಷ್ಟು ಪಾಸ್ ಮಾರಾಟವಾಯಿತು ಅನ್ನೋದಕ್ಕೆ ಟೇಬಲ್ ಧಾರಾಳ ಸಾಕು. ಅದೂ ಅಲ್ಲದೆ, 2023ರ ಎಸ್‌ಕ್ಯೂಎಲ್ ಮಾನಕದಲ್ಲೇ ಇಂಥ ಚಿತ್ರದ ಪ್ರಶ್ನೆಗಳಿಗೆ ಒಂದು ಭಾಗ ಸೇರಿದೆ. ಅದನ್ನು ಅಳವಡಿಸಿಕೊಂಡ ಡೇಟಾಬೇಸ್‌ನಲ್ಲಿ ಹಳೆಯ ಟೇಬಲ್‌ಗಳನ್ನು ಇದ್ದಲ್ಲೇ ಬಿಟ್ಟು, ಅವುಗಳ ಮೇಲೆಯೇ ಬಾಣ ಎಳೆದು ಪ್ರಶ್ನೆ ಕೇಳಬಹುದು.