ಸ್ವಿಚ್ ಆನ್, ದೀಪ ಮಂದ: ವಾಹನದ ಸ್ವಿಚ್ ಸರ್ಕ್ಯೂಟ್‌ನಲ್ಲಿ ದೋಷ ಹುಡುಕುವುದು

ಮೀಟರಿನಲ್ಲಿ 12 ವೋಲ್ಟ್ ಕಂಡ ಕೂಡಲೇ "ಸಪ್ಲೈ ಬರ್ತಿದೆ, ಸ್ವಿಚ್ ಸರಿ ಇದೆ" ಎಂದು ಬರೆದುಬಿಡಬೇಡಿ. ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್. ಅದು ಎಳೆಯುವ ಕರೆಂಟ್ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ವೈರಿನ ಎಳೆಗಳೆಲ್ಲ ಕಡಿದು ಒಂದೇ ಉಳಿದಿದ್ದರೂ, ಸ್ವಿಚ್ಚಿನ ಪಾಯಿಂಟ್ (ಒಳಗೆ ಒಂದಕ್ಕೊಂದು ಕೂಡುವ ಲೋಹದ ತುದಿ) ಸುಟ್ಟು ಕಪ್ಪಾಗಿದ್ದರೂ, ಬಲ್ಬ್ ಕಳಚಿ ಅಳೆದರೆ 12 ಬಂದೇ ಬರುತ್ತದೆ. ಲೋಡ್ (ಬಲ್ಬಿನಂತೆ ಕರೆಂಟ್ ಎಳೆಯುವ ಸಾಧನ) ಓಡುತ್ತಿರುವಾಗ ಅಳೆದರೆ ಮಾತ್ರ ನಿಜ ತಿಳಿಯುತ್ತದೆ.

ಬ್ರೇಕ್ ಲೈಟನ್ನೇ ತೆಗೆದುಕೊಳ್ಳಿ. 21 ವ್ಯಾಟ್‌ನ ಎರಡು ಬಲ್ಬ್, ಒಟ್ಟು 42 ವ್ಯಾಟ್. 12 ವೋಲ್ಟ್‌ಗೆ 3.5 ಆಂಪಿಯರ್. ಪೆಡಲ್ ಸ್ವಿಚ್ಚಿನ ಪಾಯಿಂಟ್ ಕಾರ್ಬನ್ ಹಿಡಿದು ಕೇವಲ 1 ಓಮ್ ರೋಧ ಬಂದಿದೆ ಎನ್ನಿ. ಆಗ ಹರಿಯುವ ಕರೆಂಟ್ ಸುಮಾರು 3 ಆಂಪಿಯರ್‌ಗೆ ಇಳಿಯುತ್ತದೆ, 3 ವೋಲ್ಟ್ ಸ್ವಿಚ್ಚಿನಲ್ಲೇ ಬಿದ್ದುಹೋಗುತ್ತದೆ, ಬಲ್ಬಿಗೆ ಉಳಿಯುವುದು 9. ವೋಲ್ಟೇಜ್ ಕಾಲು ಭಾಗ ಇಳಿದರೆ ಬೆಳಕು ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಆ 3 ವೋಲ್ಟ್ ಪಾಯಿಂಟಿನಲ್ಲಿ 9 ವ್ಯಾಟ್ ಶಾಖವಾಗಿ, ಅದನ್ನು ಇನ್ನಷ್ಟು ಸುಡುತ್ತದೆ. ವೈರುಗಳನ್ನು ಜೋಡಿಸುವ ಪ್ಲಗ್, ಅಂದರೆ ಕಪ್ಲರ್‌ನ ಪ್ಲಾಸ್ಟಿಕ್ ಕಂದಾಗಿದ್ದರೆ ಮೊದಲು ಅಲ್ಲೇ ನೋಡಬೇಕು.

ಈಗ ಅಳೆಯುವುದು. ಕಪ್ಲರ್ ಕಳಚಬೇಡಿ, ಹಿಂಬದಿಯಿಂದಲೇ ಮೀಟರಿನ ಪ್ರೋಬ್ (ಅಳೆಯುವ ಕಡ್ಡಿ) ಇಡಿ: ಕೆಂಪು ಸ್ವಿಚ್ಚಿಗೆ ಬರುವ ವೈರಿಗೆ, ಕಪ್ಪು ಸ್ವಿಚ್ಚಿನಿಂದ ಹೊರಡುವ ವೈರಿಗೆ. ಪೆಡಲ್ ಬಿಟ್ಟಾಗ 12, ಒತ್ತಿದಾಗ 0.2 ವೋಲ್ಟ್‌ಗಿಂತ ಕಡಿಮೆ ಬಂದರೆ ಸ್ವಿಚ್ ಚೆನ್ನಾಗಿದೆ. ಒತ್ತಿದರೂ 12 ಹಾಗೇ ನಿಂತರೆ ಪಾಯಿಂಟ್ ಕೂಡುತ್ತಲೇ ಇಲ್ಲ. ನಡುವಿನ ಅಂಕಿ ಬಂದರೆ ಪಾಯಿಂಟ್ ಸುಟ್ಟಿದೆ.

ಎರಡೂ ಸಲ ಸೊನ್ನೆ ಬಂದಾಗ ಎಚ್ಚರ. ಸೊನ್ನೆ ಕಂಡಿತೆಂದು ಸ್ವಿಚ್ಚಿಗೆ ಪಾಸ್ ಕೊಡಬಾರದು, ಏಕೆಂದರೆ ಕರೆಂಟೇ ಹರಿಯದಿದ್ದರೆ ವೋಲ್ಟೇಜ್ ಡ್ರಾಪ್ (ನಡುವೆ ಬಿದ್ದುಹೋಗುವ ವೋಲ್ಟೇಜ್) ಕೂಡ ಇರುವುದಿಲ್ಲ. ಕಪ್ಪು ಪ್ರೋಬನ್ನು ಬ್ಯಾಟರಿ ನೆಗೆಟಿವ್‌ಗೆ ಒಯ್ಯಿರಿ. ಬರುವ ವೈರಿನಲ್ಲಿ 12 ಇಲ್ಲದಿದ್ದರೆ ಫ್ಯೂಸ್ ಕಡೆ ಹೋಗಿ. ಇದ್ದರೆ ಬಲ್ಬ್, ಮುಂದಿನ ವೈರ್ ಅಥವಾ ಅರ್ಥ್ (ಬಾಡಿಯ ಮೂಲಕ ಬ್ಯಾಟರಿ ನೆಗೆಟಿವ್‌ಗೆ ಮರಳುವ ದಾರಿ) ಕಡಿದಿದೆ. ಸ್ವಿಚ್ ಸದಾ ಕೂಡಿಕೊಂಡೇ ಇದ್ದರೂ ಎರಡು ಸೊನ್ನೆ ಬರುತ್ತದೆ, ಆದರೆ ಆಗ ಪೆಡಲ್ ಮುಟ್ಟದೆಯೂ ದೀಪ ಉರಿಯುತ್ತಿರುತ್ತದೆ.

ಅರ್ಥ್ ಕಡೆಯನ್ನೂ ಇದೇ ರೀತಿ ನೋಡಬೇಕು. ದೀಪ ಹತ್ತಿಸಿಟ್ಟು ಬಲ್ಬ್ ಹೋಲ್ಡರಿನ ಅರ್ಥ್‌ಗೂ ಬ್ಯಾಟರಿ ನೆಗೆಟಿವ್‌ಗೂ ಮಧ್ಯೆ ಅಳೆಯಿರಿ. ಅರ್ಧ ವೋಲ್ಟ್ ಕಂಡರೂ ಬಾಡಿ ಅರ್ಥ್ ಬೋಲ್ಟ್ ಬಿಚ್ಚಿ ತುಕ್ಕು ಉಜ್ಜುವ ಕೆಲಸವಿದೆ. ಇಂಡಿಕೇಟರ್ ಹಾಕಿದಾಗ ಪಕ್ಕದ ಟೇಲ್ ಲ್ಯಾಂಪ್ ಮಿಣುಕಿದರೆ ಅನುಮಾನ ಮೊದಲು ಅರ್ಥ್ ಮೇಲೆಯೇ.

ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಇದ್ದರೆ ಅಲ್ಲಿ ಎರಡು ಸರ್ಕ್ಯೂಟ್‌ಗಳಿವೆ ಎಂಬುದನ್ನು ಮರೆಯಬೇಡಿ. ಪಿನ್ ನಂಬರ್ 85, 86 ಕಾಯಿಲ್. 30, 87 ಪಾಯಿಂಟ್. "ಟಕ್" ಶಬ್ದ ಕೇಳಿತೆಂದರೆ ಕಾಯಿಲ್ ಸರಿ ಎಂದಷ್ಟೇ ಅರ್ಥ.

ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದೊಡ್ಡ ಫ್ಯೂಸ್ ತುರುಕುವುದು ವೈರಿಂಗ್‌ಗೆ ಬೆಂಕಿ ಇಡುವ ಕೆಲಸ. ಲೋಡ್ ಕಳಚಿ, ಫ್ಯೂಸಿನ ಜಾಗಕ್ಕೆ 21 ವ್ಯಾಟ್ ಬಲ್ಬ್ ಕೊಡಿ. ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ವೈರ್ ಸುಡುವುದಿಲ್ಲ. ಕಪ್ಲರ್‌ಗಳನ್ನು ಒಂದೊಂದಾಗಿ ಬಿಡಿಸುತ್ತ ಹೋಗಿ. ಯಾವುದನ್ನು ಬಿಡಿಸಿದಾಗ ಬಲ್ಬ್ ಆರುತ್ತದೋ, ಶಾರ್ಟ್ ಅದರಾಚೆ ಇದೆ.

ಹೊಸ ಗಾಡಿಗಳಲ್ಲಿ ಹಲವು ಸ್ವಿಚ್‌ಗಳು ದೀಪಕ್ಕೆ ನೇರ ಕರೆಂಟ್ ಕೊಡದೆ ಕಂಟ್ರೋಲ್ ಮಾಡ್ಯೂಲಿಗೆ ಸಿಗ್ನಲ್ ಮಾತ್ರ ಕಳಿಸುತ್ತವೆ. ಅಲ್ಲಿ ಟೆಸ್ಟ್ ಲ್ಯಾಂಪ್ ಬೇಡ, ಅದು ಎಳೆಯುವ ಕರೆಂಟಿಗೆ ಮಾಡ್ಯೂಲ್ ಹಾಳಾಗಬಹುದು. ಸ್ಕ್ಯಾನರ್ (ಮಾಡ್ಯೂಲಿನ ಮಾಹಿತಿ ಓದುವ ಸಾಧನ) ಹಾಕಿ, ಸ್ವಿಚ್ ಒತ್ತಿದಾಗ ಲೈವ್ ಡೇಟಾದಲ್ಲಿ ಆಫ್ ಇದ್ದದ್ದು ಆನ್ ಆಗುತ್ತದೆಯೇ ನೋಡಿ. ಸ್ಟೀರಿಂಗ್ ಸುತ್ತಮುತ್ತ ಹಳದಿ ಕಪ್ಲರ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗ್‌ನದು, ಅದಕ್ಕೆ ಪ್ರೋಬ್ ತಾಗಿಸಲೇಬೇಡಿ.