ಮಡಿಕೇರಿಯ ರಸ್ತೆಗಳು ಮತ್ತು 1837ರ ಹೆಸರುಗಳು

ಮಡಿಕೇರಿಯ ರಸ್ತೆ, ವೃತ್ತಗಳಿಗೆ ಯಾರ ಹೆಸರಿಡಬೇಕೆಂಬ ಚರ್ಚೆಯಲ್ಲಿ ಸೇನಾನಿಗಳ ಹೆಸರು ಸಲೀಸಾಗಿ ಒಪ್ಪಿಗೆಯಾಗುತ್ತದೆ. 1837ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಎದ್ದ ಬಂಡಾಯಗಾರರ ವಿಷಯ ಅಷ್ಟು ಸುಲಭವಲ್ಲ. ತೊಡಕಿನ ಬೇರು ಆ ವರ್ಷದ ಘಟನೆಗಳಲ್ಲೇ ಇದೆ.

1834ರಲ್ಲಿ ಕೊಡಗಿನ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಕಂಪನಿ ಸರ್ಕಾರ, ಘಟ್ಟದ ಕೆಳಗಿನ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ಅರಸರ ಕಾಲದಲ್ಲಿ ಬೆಳೆಯ ರೂಪದಲ್ಲೇ ಕಂದಾಯ ಸಲ್ಲಿಸುತ್ತಿದ್ದ ರೈತ ಈಗ ನಗದು ಹೊಂದಿಸಬೇಕಾಯಿತು: ಕಂತಿನ ಹೊತ್ತಿಗೆ ಬತ್ತವನ್ನು ಸಿಕ್ಕ ಬೆಲೆಗೆ ಮಾರಬೇಕು, ಇಲ್ಲವೇ ಸಾಲಕ್ಕೆ ಕೈಯೊಡ್ಡಬೇಕು. ಈ ಅಸಮಾಧಾನವೇ ಕಲ್ಯಾಣಸ್ವಾಮಿ ಎಂಬ ಹೆಸರಿನಲ್ಲಿ ಮುಂದೆ ನಿಂತ ಪುಟ್ಟಬಸಪ್ಪನ ಹಿಂದೆ ಜನರನ್ನು ಸೇರಿಸಿತು. ಕೆದಂಬಾಡಿ ರಾಮಯ್ಯ ಗೌಡರಂಥವರ ಮುಂದಾಳುತನದಲ್ಲಿ ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡ ದಂಡು, 1837ರ ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡದಲ್ಲಿ ತನ್ನ ಧ್ವಜ ಹಾರಿಸಿತು. ಆ ಹಿಡಿತ ಉಳಿದದ್ದು 13 ದಿನ ಮಾತ್ರ. ಬಂಡಾಯದ ಇನ್ನೊಬ್ಬ ಮುಂದಾಳು ಸುಬೇದಾರ್ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯ ಬಳಿ ಗಲ್ಲಿಗೇರಿಸಲಾಯಿತು.

ಅದೇ ಹೊತ್ತಿನಲ್ಲಿ ಕೊಡಗಿನ ಹಲವು ಪ್ರಮುಖರು ಕಂಪನಿಯ ಪರ ನಿಂತರು. ಅವರ ನಿಷ್ಠೆಗಾಗಿ ಕಂಪನಿ ಚಿನ್ನದ, ಬೆಳ್ಳಿಯ ಪದಕಗಳನ್ನು ಹಂಚಿತು. ಅವುಗಳ ಮೇಲೆ ಕತ್ತಿ ಹಿಡಿದ ಕೊಡಗಿನ ಯೋಧನ ಚಿತ್ರವಿದೆ. ಒಂದೇ ಊರಿನಲ್ಲಿ ಒಬ್ಬರಿಗೆ ಪದಕ, ಇನ್ನೊಬ್ಬರಿಗೆ ನೇಣು. ಇದನ್ನು ಜಾತಿಗಳ ನಡುವಿನ ಲೆಕ್ಕವೆಂದು ಓದುವುದು ಅವಸರದ ಮಾತಾದೀತು, ಏಕೆಂದರೆ ಬಂಡಾಯದ ದಾಖಲೆಗಳಲ್ಲಿ ಹುಲಿಕಡಿದ ನಂಜಯ್ಯ, ಶಾಂತಳ್ಳಿ ಮಲ್ಲಯ್ಯ, ಕುಡಿಯ ಬುಡಕಟ್ಟಿನ ಚೆಟ್ಟಿ ಕುಡಿಯ, ಕುರ್ತ ಕುಡಿಯ ಹೀಗೆ ಬೇರೆ ಬೇರೆ ಸಮುದಾಯದವರೆಲ್ಲರೂ ಇದ್ದಾರೆ.

1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಬಂಡಾಯದ ನೆನಪು ಮಾತ್ರ ಘಟ್ಟದ ಮೇಲೆ ಒಂದು, ಕೆಳಗೆ ಒಂದು ಎಂದು ಎರಡಾಗಿಯೇ ಉಳಿಯಿತು. ಮಡಿಕೇರಿಯಲ್ಲಿ ಅಪ್ಪಯ್ಯ ಗೌಡರ ಪ್ರತಿಮೆಯಿದೆ. ಬಾವುಟಗುಡ್ಡದಲ್ಲಿ ರಾಮಯ್ಯ ಗೌಡರ ಪ್ರತಿಮೆ ಅನಾವರಣಗೊಂಡದ್ದು 2022ರ ನವೆಂಬರಿನಲ್ಲಿ. ಹೆಸರಿಡುವ ಬೇಡಿಕೆಗಳು ಹೆಚ್ಚಾಗಿ ಒಬ್ಬೊಬ್ಬ ವೀರನ ಪರವಾಗಿ, ಆಯಾ ಸಮುದಾಯದ ಸಂಘಟನೆಗಳ ಮೂಲಕವೇ ಬರುವುದರಿಂದ, ಎರಡು ಜಿಲ್ಲೆಗಳ ರೈತರು ಕೂಡಿ ನಡೆಸಿದ ಹೋರಾಟ ಬಿಡಿಬಿಡಿಯಾಗಿ ಒಡೆದುಹೋಗುತ್ತದೆ. ರಸ್ತೆಯ ಫಲಕದಲ್ಲಿ ಹೆಸರಿನ ಜೊತೆ ಕಂದಾಯದ ಕಾರಣವನ್ನೂ ಎರಡು ಸಾಲು ಬರೆದರೆ, ಓದುವವನಿಗೆ ಕುಡಿಯರೂ ಗೌಡರೂ ಒಟ್ಟಿಗೆ ಎದ್ದದ್ದೇಕೆ ಎಂಬುದಾದರೂ ತಿಳಿದೀತು.